ಮುಟ್ಟಿ ನೋಡಲಾಗದ ಗಿರಾಕಿಗೆ ಸೀರೆ, ಕಂಬಳಿ ಮಾರುವುದು ಹೇಗೆ? ಹದಿನಾರು ಸೂತ್ರಗಳು

ಸಂತೆಗೆ ಬಂದವರು ಕಂಬಳಿಯ ಬೆಲೆ ಕೇಳುವುದಕ್ಕೆ ಮೊದಲು ಅದರ ಮೂಲೆ ಹಿಡಿದು ಉಜ್ಜುತ್ತಾರೆ, ಕೈಯಲ್ಲಿ ತೂಗುತ್ತಾರೆ, ಬಿಸಿಲಿಗೆ ಎತ್ತಿ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ಎಂದು ನೋಡುತ್ತಾರೆ. ರೇಷ್ಮೆ ಸೀರೆಯಾದರೆ ಸೆರಗು ಬಿಡಿಸುತ್ತಾರೆ, ಮಗುಚಿ ಹಿಂಬದಿ ನೋಡುತ್ತಾರೆ, ಜರಿಯ ಮೇಲೆ ಬೆರಳಾಡಿಸುತ್ತಾರೆ. ಫೋನಿನಲ್ಲಿ ಅಂಗಡಿ ಇಟ್ಟವರ ಗಿರಾಕಿಗೆ ಈ ಅವಕಾಶವೇ ಇಲ್ಲ. ಚಳ್ಳಕೆರೆಯ ಕಂಬಳಿಯಾಗಲಿ ಮೊಳಕಾಲ್ಮುರು ಸೀರೆಯಾಗಲಿ ಕೈಗೆ ಸಿಕ್ಕಾಗಲೇ ತನ್ನ ಗುಣ ಹೇಳುವ ಸರಕು. ಆದ್ದರಿಂದ ಗಿರಾಕಿಯ ಕೈ ಕೇಳುವ ಪ್ರಶ್ನೆಗಳಿಗೆಲ್ಲ ಚಿತ್ರದಲ್ಲಿ, ಮಾತಿನಲ್ಲಿ ಮೊದಲೇ ಉತ್ತರ ಕೊಡುವುದೇ ನಿಮ್ಮ ನಿಜವಾದ ಪ್ರಚಾರ. ಲೈಕು, ಫಾಲೋವರುಗಳ ಲೆಕ್ಕ ಆಮೇಲಿನದು.

ಈ ಎರಡು ತಾಲ್ಲೂಕುಗಳಲ್ಲಿ ಮಗ್ಗ ಇರುವ ಮನೆಯ ಮಗಳೋ, ಸೊಸೆಯೋ, ಡಿಗ್ರಿ ಮುಗಿಸಿ ಬಂದ ಮಗನೋ ಇಂಥ ಅಂಗಡಿ ತೆರೆಯುವ ಯೋಚನೆಯಲ್ಲಿದ್ದರೆ ಅವರಿಗಾಗಿ ಈ ಸೂತ್ರಗಳು.

1. ನಿಮ್ಮೂರಿನ ಹೆಸರಲ್ಲೇ ಮಾರಿ

ಮೊಳಕಾಲ್ಮುರು ಸೀರೆಗೆ ‘ಕರ್ನಾಟಕದ ಕಂಚಿ’ ಎಂಬ ಹೊಗಳಿಕೆ ಇದೆ. ಹೊಗಳಿಕೆ ಸರಿ, ಆದರೆ ಅದನ್ನೇ ಬೋರ್ಡಿಗೆ ಹಾಕಬೇಡಿ. ‘ಕಂಚಿ ಸೀರೆ’ ಎಂದು ಬರೆದ ಕ್ಷಣ ನೀವು ಸಾವಿರಾರು ಕಂಚಿ ವ್ಯಾಪಾರಿಗಳ ಸಾಲಿನ ಕೊನೆಯಲ್ಲಿ ನಿಲ್ಲುತ್ತೀರಿ. ಮೇಲಾಗಿ ಅದು ಸುಳ್ಳು. ‘ಮೊಳಕಾಲ್ಮುರು ಕೈಮಗ್ಗದ ರೇಷ್ಮೆ ಸೀರೆ’ ಎಂದು ಬರೆದರೆ ಆ ಹೆಸರಿನಲ್ಲಿ ಹುಡುಕುವವರ ಕಣ್ಣಿಗೆ ನೀವೇ ಮೊದಲು ಬೀಳುವ ಸಾಧ್ಯತೆ ಹೆಚ್ಚು. 2011ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಊರಿನ ಹೆಸರೇ ಕಾನೂನಿನ ರಕ್ಷಣೆ ಪಡೆದ ಆಸ್ತಿ ಆಗಿರುವಾಗ ಅದನ್ನು ಬಿಟ್ಟು ಬೇರೆ ಊರಿನ ಹೆಸರಿಗೆ ಜೋತುಬೀಳುವ ಅಗತ್ಯ ಇಲ್ಲ.

ಹುಡುಕಾಟದ ವಿಷಯದಲ್ಲಿ ಇನ್ನೊಂದು ಮಾತು. ಮೊಳಕಾಲ್ಮುರು ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜನ ಮೂರ್ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಎಲ್ಲ ಬಗೆಯನ್ನೂ ನಿಮ್ಮ ವಿವರಣೆಯಲ್ಲಿ ಎಲ್ಲಾದರೂ ಒಂದು ಕಡೆ ಸೇರಿಸಿ. ಕಂಬಳಿ ಮಾರುವವರು ತೆಲುಗಿನ ‘ಗೊಂಗಡಿ’, ಮರಾಠಿಯ ‘ಘೊಂಗಡಿ’ ಎಂಬ ಹೆಸರುಗಳನ್ನೂ ಹಾಕಬೇಕು. ರಾಯದುರ್ಗ, ಅನಂತಪುರ, ಸೊಲ್ಲಾಪುರದ ಕಡೆಯವರು ಅದೇ ಕರಿ ಉಣ್ಣೆಯ ಹೊದಿಕೆಯನ್ನು ಹುಡುಕುವುದು ಆ ಹೆಸರಿನಲ್ಲೇ.

2. ಮೂರು ಗುರುತು, ಮೂರು ಪ್ರಶ್ನೆ

ಗಿರಾಕಿಯ ಅನುಮಾನ ಮೂರು ಬಗೆಯದು. ನೂಲು ಅಸಲಿಯೇ? ಕೈಯಲ್ಲೇ ನೇಯ್ದದ್ದೇ? ಆ ಊರಿನದ್ದೇ? ಒಂದೊಂದಕ್ಕೂ ಬೇರೆ ಬೇರೆ ಗುರುತು ಇದೆ. ಶುದ್ಧ ರೇಷ್ಮೆ ಎಂದು ಹೇಳುವುದು ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿರುವ ಸಿಲ್ಕ್ ಮಾರ್ಕ್. ಕೈಮಗ್ಗದ್ದು ಎಂದು ಹೇಳುವುದು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್. ಊರು ಯಾವುದು ಎಂದು ಹೇಳುವುದು ಜಿಐ. ಸಿಲ್ಕ್ ಮಾರ್ಕ್ ಇದೆ ಎಂದ ಮಾತ್ರಕ್ಕೆ ಸೀರೆ ಕೈಮಗ್ಗದ್ದು ಆಗಬೇಕಿಲ್ಲ. ಪವರ್‌ಲೂಮಿನ ಶುದ್ಧ ರೇಷ್ಮೆಗೂ ಅದು ಸಿಗುತ್ತದೆ. ಇದನ್ನು ನಿಮ್ಮ ಗಿರಾಕಿಗೆ ಬಿಡಿಸಿ ಹೇಳಿ. ಹಾಗೆ ಹೇಳಿಕೊಟ್ಟ ಅಂಗಡಿಯನ್ನು ಜನ ಬೇಗ ನಂಬುತ್ತಾರೆ.

ಜಿಐ ವಿಷಯದಲ್ಲಿ ಒಂದು ಎಚ್ಚರ. ಸೀರೆಗೆ ಮಾನ್ಯತೆ ಸಿಕ್ಕಿದೆ ಎಂದರೆ ನಿಮಗೆ ಸಿಕ್ಕಿದೆ ಎಂದಲ್ಲ. 1999ರ ಜಿಐ ಕಾಯ್ದೆಯ ಪ್ರಕಾರ ಉತ್ಪಾದಕರು ‘ಅಧಿಕೃತ ಬಳಕೆದಾರ’ ಎಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಮನೆಯ ಹಿರಿಯ ನೇಕಾರರ ಹೆಸರಲ್ಲಿ ಅರ್ಜಿ ಹಾಕಿಸಿ. ಇದು ಒಂದೇ ಸಲದ ಓಡಾಟ, ಅದರ ಫಲ ವರ್ಷಗಟ್ಟಲೆ ಇರುತ್ತದೆ.

ಕಂಬಳಿಯವರಿಗೂ ಹೇಳಿಕೊಳ್ಳಲು ಒಂದು ಸಂಗತಿ ಇದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೇ ಮೀಸಲಿಟ್ಟ 11 ಬಗೆಯ ಬಟ್ಟೆಗಳ ಪಟ್ಟಿಯಲ್ಲಿ ಸೀರೆಯ ಜೊತೆಗೆ ಕಂಬಳಿಯೂ ಸೇರಿದೆ. ಬಹಳ ಗಿರಾಕಿಗಳಿಗೆ ಇದು ಗೊತ್ತಿಲ್ಲ.

3. ನೇಯ್ದವರ ಹೆಸರು ಬರೆಯಿರಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಚಕ್ರವರ್ತಿಯ ಆಜ್ಞೆಯನ್ನು ಬಂಡೆಗೆ ಇಳಿಸಿದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರನ್ನೂ ಬರೆದಿದ್ದಾನೆ, ‘ಲಿಪಿಕಾರ’ ಎಂಬ ಪದವನ್ನು ದೂರದ ವಾಯವ್ಯ ಪ್ರಾಂತ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರ ವರ್ಷಗಳಿಗಿಂತ ಹಿಂದೆ ಈ ಸೀಮೆಯ ಕಲ್ಲಿನ ಮೇಲೆ ಒಬ್ಬ ಕೆಲಸಗಾರನ ಹೆಸರು ಉಳಿಯಿತು. ಹದಿನೈದು ದಿನ ಮಗ್ಗದ ಮುಂದೆ ಕೂತು ಸೀರೆ ಮುಗಿಸಿದವರ ಹೆಸರು ಇಂದು ಆ ಸೀರೆಯ ಮೇಲೆ ಎಲ್ಲೂ ಇಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಉಡುಪಿ ಸೀರೆಯನ್ನು ಮತ್ತೆ ಚಲಾವಣೆಗೆ ತಂದ ಕಾರ್ಕಳದ ಕದಿಕೆ ಟ್ರಸ್ಟ್, ಸೀರೆಯ ಜೊತೆ ನೇಕಾರರ ಹೆಸರು, ಭಾವಚಿತ್ರ ಇರುವ ಚೀಟಿ ಇಡುವ ಪದ್ಧತಿ ತಂದಿತು. ನೀವೂ ಮಾಡಿ. ಅಂಗೈಯಗಲದ ಒಂದು ಚೀಟಿ ಸಾಕು: ನೇಯ್ದವರು ಯಾರು, ಯಾವ ಊರು, ಎಷ್ಟು ದಿನ ಹಿಡಿಯಿತು, ನೂಲು ಯಾವುದು, ಜರಿ ಯಾವುದು. ಕಂಬಳಿಯಾದರೆ ನೂಲು ತೆಗೆದ ಅಜ್ಜಿಯ ಹೆಸರನ್ನೂ ಸೇರಿಸಿ. ಆ ಕೆಲಸ ಸಾಮಾನ್ಯವಾಗಿ ಹೆಂಗಸರದ್ದು, ಮಾರುವಾಗ ಎಲ್ಲರೂ ಮರೆಯುವುದೂ ಅದನ್ನೇ. ಫೋಟೊ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ. ಬೇಡ ಎಂದವರ ಹೆಸರು ಮಾತ್ರ ಹಾಕಿ, ಅದೂ ಬೇಡವೆಂದರೆ ಊರು ಮಾತ್ರ ಸಾಕು.

4. ಫೋಟೊ: ಗಿರಾಕಿಯ ಕೈ ಎಲ್ಲೆಲ್ಲಿ ಓಡಾಡುತ್ತದೋ ಅಲ್ಲೆಲ್ಲ ಕ್ಯಾಮೆರಾ ಓಡಾಡಲಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಹೊಸ ಫೋನು ಬೇಕಿಲ್ಲ, ಬೆಳಕು ಬೇಕು. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ, ಜಗುಲಿಯ ನೆರಳಿನಲ್ಲಿ ತೆಗೆಯಿರಿ. ನೇರ ಬಿಸಿಲು ಬಿದ್ದರೆ ಜರಿ ಬಿಳಿಚಿಕೊಳ್ಳುತ್ತದೆ, ಟ್ಯೂಬ್‌ಲೈಟಿನಲ್ಲಿ ಅರಿಸಿನ ಬಣ್ಣ ಹಸಿರಿಗೆ ತಿರುಗುತ್ತದೆ.

ಒಂದು ಸೀರೆಗೆ ಕಡಿಮೆಯೆಂದರೆ ಆರು ಚಿತ್ರ: ಪೂರ್ತಿ ಸೀರೆ, ಸೆರಗು, ಅಂಚು, ಒಡಲಿನ ಬುಟ್ಟಾ ಹತ್ತಿರದಿಂದ, ಹಿಂಬದಿ, ಉಟ್ಟಾಗ ಕಾಣುವ ಬಗೆ. ಇವುಗಳಲ್ಲಿ ಹಿಂಬದಿಯ ಚಿತ್ರ ಬಿಡುವವರೇ ಹೆಚ್ಚು. ಆದರೆ ತಿಳಿದವರು ಮೊದಲು ಕೇಳುವುದು ಅದನ್ನೇ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇದ್ದು, ಎರಡನ್ನೂ ಬೇರೆ ಬೇರೆ ಲಾಳಿಯಿಂದ ನೇಯ್ದು ಕೂಡಿಸಿದ್ದರೆ ಆ ಕೂಡುವ ಜಾಗವನ್ನು ಮುಂಬದಿಯಿಂದಲೂ ಹಿಂಬದಿಯಿಂದಲೂ ತೋರಿಸಿ. ಕೈಮಗ್ಗದ ಕೆಲಸ ಗುರುತಿಸಲು ಗಿರಾಕಿಗೆ ಅಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಆ ಕೂಡಿಕೆಗಾಗಿ ಮಗ್ಗದ ಎರಡೂ ಬದಿಯಲ್ಲಿ ಲಾಳಿ ಹಾಕಬೇಕು, ಇನ್ನೊಬ್ಬರ ಸಹಾಯ ಬೇಕು, ನೇಯ್ಗೆ ನಿಧಾನವಾಗುತ್ತದೆ. ಬೆಲೆ ಯಾಕೆ ಹೆಚ್ಚು ಎಂಬುದಕ್ಕೆ ಅದೊಂದೇ ಚಿತ್ರ ಉತ್ತರ ಹೇಳುತ್ತದೆ.

ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಸೀರೆ ಒಂದು ಕಡೆಯಿಂದ ಒಂದು ಬಣ್ಣ, ಇನ್ನೊಂದು ಕಡೆಯಿಂದ ಬೇರೆ ಬಣ್ಣ ಬೀರುತ್ತದೆ. ಅದನ್ನು ಸ್ಥಿರಚಿತ್ರದಲ್ಲಿ ಹಿಡಿಯಲಾಗದು. ಮಡಿಕೆಯನ್ನು ನಿಧಾನವಾಗಿ ಓರೆ ಮಾಡುವ ಹತ್ತು ಸೆಕೆಂಡಿನ ವಿಡಿಯೊ ಜೊತೆಗೆ ಹಾಕಿ. ಬಣ್ಣ ತಿದ್ದುವ ಫಿಲ್ಟರ್ ಬಳಸಲೇಬೇಡಿ. ಬಣ್ಣ ಬೇರೆಯಾಗಿ ಕಂಡ ಸೀರೆ ವಾಪಸ್ ಬರುತ್ತದೆ, ಜೊತೆಗೆ ಕೆಟ್ಟ ಮಾತನ್ನೂ ತರುತ್ತದೆ.

ಕರಿ ಕಂಬಳಿಯ ಕಷ್ಟ ಬೇರೆ. ಫೋನಿನ ಕ್ಯಾಮೆರಾ ಕಪ್ಪನ್ನು ತಾನಾಗಿ ಬೂದಿ ಬಣ್ಣ ಮಾಡಿಬಿಡುತ್ತದೆ. ಪರದೆಯ ಮೇಲೆ ಕಂಬಳಿಯನ್ನು ಮುಟ್ಟಿ, ಬೆಳಕಿನ ಪ್ರಮಾಣವನ್ನು ಸ್ವಲ್ಪ ಇಳಿಸಿ ತೆಗೆಯಿರಿ. ಬೆಳಕು ಕಿಟಕಿಯಿಂದ ಪಕ್ಕಕ್ಕೆ ಬೀಳುವಂತಿದ್ದರೆ ಉಣ್ಣೆಯ ಒರಟು, ನೂಲಿನ ಗಂಟು ಎದ್ದು ಕಾಣುತ್ತದೆ. ಉದ್ದಗಲ ಬರೆದರಷ್ಟೇ ಸಾಲದು; ಮಂಚದ ಮೇಲೆ ಹಾಸಿ, ಹೆಗಲ ಮೇಲೆ ಹೊದ್ದು ತೋರಿಸಿ. ತೂಕವನ್ನು ತಕ್ಕಡಿಯಲ್ಲಿಟ್ಟು ತೆಗೆದ ಚಿತ್ರ ಇನ್ನೂ ಒಳ್ಳೆಯದು.

5. ಮಗ್ಗದ ಸದ್ದು ಕೇಳಿಸಿ

ವಿಡಿಯೊಗೆ ಸಿನಿಮಾ ಹಾಡು ಹಾಕುವುದು ಬಿಡಿ. ಲಾಳಿ ಓಡುವ ಸದ್ದೇ ಸಾಕು. ಕುರಿಯ ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದು, ಗುಂಡಿಮಗ್ಗದಲ್ಲಿ ನೇಯುವುದು, ಎಲ್ಲವೂ ಒಂದೊಂದು ಬಿಡಿ ವಿಡಿಯೊ ಆಗುತ್ತದೆ. ನಿಮಗೆ ದಿನಾ ಕಂಡು ಬೇಸರವಾದ ಆ ಹುಣಸೆ ಗಂಜಿ ಬೆಂಗಳೂರಿನಲ್ಲಿ ಕೂತವರಿಗೆ ಅಚ್ಚರಿ.

ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆಗೆ ಈಚೆಗೆ ದೊಡ್ಡ ವೇದಿಕೆಯೂ ಸಿಕ್ಕಿದೆ. ಸುರೇಶ್ ಎರಿಯಾಟ್ ನಿರ್ದೇಶಿಸಿದ ‘ದೇಸಿ ಊನ್’ ಎಂಬ ಕಿರುಚಿತ್ರ ಈ ಉಣ್ಣೆಯಿಂದಲೇ ಮಾಡಿದ ಗೊಂಬೆಗಳ ಮೂಲಕ ಕುರಿಗಾಹಿಗಳ ಕತೆ ಹೇಳುತ್ತದೆ. 2025ರಲ್ಲಿ ಫ್ರಾನ್ಸಿನ ಆನೆಸಿ ಆನಿಮೇಷನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಪ್ರಶಸ್ತಿ ಬಂತು. ಅದರ ಕೊಂಡಿಯನ್ನು ನಿಮ್ಮ ಗಿರಾಕಿಗಳಿಗೆ ಕಳಿಸಿ. ಒರಟು ಉಣ್ಣೆ ಕೀಳು ಎಂಬ ಭಾವನೆ ಇದ್ದವರು ಒಮ್ಮೆ ನೋಡಲಿ.

6. ಚುಚ್ಚುತ್ತದೆ ಎಂದು ಮೊದಲೇ ಹೇಳಿ

ಹೊಸ ಕಂಬಳಿ ಮೈಗೆ ಚುಚ್ಚುತ್ತದೆ. ಕುರಿಯ ವಾಸನೆ ಇರುತ್ತದೆ. ಗಂಜಿಯಿಂದ ಬಿರುಸಾಗಿರುತ್ತದೆ, ಬಳಸುತ್ತ ಮೆತ್ತಗಾಗುತ್ತದೆ. ಇದನ್ನೆಲ್ಲ ಫೋಟೊದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಿರಿ. ‘ಒಳಗೊಂದು ಹತ್ತಿಯ ದುಪ್ಪಟಿ ಹೊದ್ದು ಮೇಲೆ ಕಂಬಳಿ ಹೊದ್ದುಕೊಳ್ಳಿ, ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ’ ಎಂದು ದಾರಿಯನ್ನೂ ಹೇಳಿ. ಮೆತ್ತನೆಯ ಉಣ್ಣೆ ಬೇಕೆನ್ನುವವರು ಅಲ್ಲಿಗೇ ಹಿಂದೆ ಸರಿಯುತ್ತಾರೆ, ಅದು ನಿಮಗೆ ಲಾಭ. ಕಂಬಳಿಯ ಬೆಲೆ ಬಲ್ಲವರು ಉಳಿಯುತ್ತಾರೆ.

ಸೀರೆಗೂ ಹೀಗೆಯೇ. ಜರಿ ಬೆಳ್ಳಿಯದೋ, ತಾಮ್ರದ ಮೇಲೆ ಬಣ್ಣ ಕೊಟ್ಟದ್ದೋ, ಪ್ಲಾಸ್ಟಿಕ್ಕಿನದೋ ಸ್ಪಷ್ಟವಾಗಿ ಬರೆಯಿರಿ. ಮೂರಕ್ಕೂ ಗಿರಾಕಿಗಳಿದ್ದಾರೆ. ಒಂದನ್ನು ಇನ್ನೊಂದೆಂದು ನಂಬಿಸಿ ಮಾರಿದವರಿಗೆ ಮಾತ್ರ ಎರಡನೇ ಸಲ ಗಿರಾಕಿ ಇಲ್ಲ.

7. ಬೆಲೆಯ ಲೆಕ್ಕ ಕಾಗದದ ಮೇಲೆ ಬರೆದು ನೋಡಿ

ಉದಾಹರಣೆಗೆ ಒಂದು ಸೀರೆಗೆ ಕೂಲಿ, ರೇಷ್ಮೆ, ಜರಿ, ಬಣ್ಣ ಎಲ್ಲ ಸೇರಿ 9,000 ರೂಪಾಯಿ ಬಿತ್ತು ಎಂದುಕೊಳ್ಳಿ. ಪೆಟ್ಟಿಗೆ, ಬಟ್ಟೆ ಚೀಲಕ್ಕೆ 120, ಪಾರ್ಸೆಲ್ಲಿಗೆ 180, ಒಂದು ಸೀರೆಯ ಪಾಲಿಗೆ ಬರುವ ಜಾಹೀರಾತಿನ ಖರ್ಚು 300. ಹತ್ತರಲ್ಲಿ ಒಂದು ವಾಪಸ್ ಬಂದು, ಹೋಗಿ ಬರುವ ಖರ್ಚು 400 ಆದರೆ ಪ್ರತಿ ಸೀರೆಯ ಮೇಲೆ 40. ಅಲ್ಲಿಗೆ 9,640. ನೀವು 11,000ಕ್ಕೆ ಮಾರಿ, ದೊಡ್ಡ ಜಾಲತಾಣ ಶೇ 10ರಷ್ಟು ಕಮಿಷನ್ ಹಿಡಿದರೆ 1,100 ಹೋಯಿತು. ಕೈಯಲ್ಲಿ ಉಳಿದದ್ದು 260 ರೂಪಾಯಿ. ನೀವು ಫೋಟೊ ತೆಗೆದು, ಇಪ್ಪತ್ತು ಸಲ ಫೋನ್ ಎತ್ತಿ ಮಾತಾಡಿದ್ದಕ್ಕೆ ಇನ್ನೂ ಬೆಲೆ ಕಟ್ಟಿಲ್ಲ. ಅದೇ ಸೀರೆಯನ್ನು ಹಳೆಯ ಗಿರಾಕಿ ನೇರವಾಗಿ ಕೇಳಿ ತೆಗೆದುಕೊಂಡರೆ ಕಮಿಷನ್ ಇಲ್ಲ, 1,360 ಉಳಿಯುತ್ತದೆ.

ಈ ಲೆಕ್ಕ ಹಾಕದೆ ಶೇ 30 ರಿಯಾಯಿತಿ ಘೋಷಿಸುವವರು ಕೊನೆಗೆ ಕೈ ಹಾಕುವುದು ನೇಕಾರರ ಕೂಲಿಗೆ. ದಯವಿಟ್ಟು ಅದನ್ನು ಮಾಡಬೇಡಿ. ಕೂಲಿ ಕಡಿತವಾದ ಮನೆಯ ಮಗ ಮಗ್ಗ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಮುಂದಿನ ವರ್ಷ ನಿಮಗೆ ಮಾರಲು ಸೀರೆಯೇ ಇರುವುದಿಲ್ಲ. ರಿಯಾಯಿತಿ ಕೊಡಲೇಬೇಕೆಂದರೆ ಎರಡನೇ ಸಲ ಕೊಂಡವರಿಗೆ ಅಂಚೆ ಖರ್ಚು ಬಿಡಿ.

8. ಅಪರಿಚಿತರಿಗೆ ಚಿಕ್ಕ ಸಾಮಾನು ಇಡಿ

ಹನ್ನೊಂದು ಸಾವಿರದ ಸೀರೆಯನ್ನು ಗೊತ್ತಿಲ್ಲದ ಅಂಗಡಿಯಿಂದ ಯಾರೂ ಮೊದಲ ಸಲಕ್ಕೇ ಕೊಳ್ಳುವುದಿಲ್ಲ. ಕಂಬಳಿಯ ತುಂಡಿನ ಆಸನ, ರೇಷ್ಮೆ ಚೂರಿನ ಕೈಚೀಲ, ಪೆನ್ನಿನ ಪೌಚು, ಇಂಥವನ್ನು ಐನೂರು ರೂಪಾಯಿಯ ಒಳಗೆ ಮಾರಿ. ಗಿರಾಕಿ ನಿಮ್ಮ ಮಾತು, ಪಾರ್ಸೆಲ್, ಸಮಯ ಎಲ್ಲವನ್ನೂ ಅದರಲ್ಲಿ ಪರೀಕ್ಷೆ ಮಾಡುತ್ತಾರೆ.

9. ವಾಟ್ಸ್‌ಆ್ಯಪನ್ನು ಅಂಗಡಿಯಂತೆ ನಡೆಸಿ

ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅದರ ಕ್ಯಾಟಲಾಗಿನಲ್ಲಿ ಪ್ರತಿ ಸೀರೆಗೂ ಒಂದು ನಂಬರು ಕೊಡಿ. ‘ಆ ಕೆಂಪು ಸೀರೆ’ ಎಂಬ ಗೊಂದಲ ತಪ್ಪುತ್ತದೆ. ಮಾರಿದ್ದನ್ನು ಅಂದೇ ತೆಗೆದುಹಾಕಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರು ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಆದ್ದರಿಂದ ಪ್ರತಿ ಪಾರ್ಸೆಲ್ಲಿನ ಚೀಟಿಯಲ್ಲೂ ‘ಈ ನಂಬರು ಉಳಿಸಿಕೊಳ್ಳಿ’ ಎಂದು ಬರೆಯಿರಿ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ದಿನಕ್ಕೊಂದು ‘ಶುಭೋದಯ’ ಕಳಿಸುವ ಅಂಗಡಿಯನ್ನು ಜನ ಮ್ಯೂಟ್ ಮಾಡುತ್ತಾರೆ. ವಾರಕ್ಕೊಮ್ಮೆ, ಮಗ್ಗದಿಂದ ಇಳಿದ ಹೊಸ ಸೀರೆ ಇದ್ದಾಗ ಮಾತ್ರ ಕಳಿಸಿ.

ಹಿರಿಯರು ಬರೆದು ಕೇಳುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. ಅವರಿಗೆ ಧ್ವನಿಯಲ್ಲೇ ಉತ್ತರಿಸಿ. ‘ಅಮ್ಮಾ, ಈ ಸೀರೆಯ ಅಂಚು ನಾಲ್ಕು ಬೆರಳು ಬರುತ್ತೆ’ ಎಂದು ನಮ್ಮ ಸೀಮೆಯ ಮಾತಿನಲ್ಲೇ ಹೇಳಿ.

10. ಒಂದೇ ಆ್ಯಪನ್ನು ನಂಬಿ ಕೂರಬೇಡಿ

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಲಕ್ಷಗಟ್ಟಲೆ ಫಾಲೋವರ್ ಇದ್ದವರ ಖಾತೆ ಅಲ್ಲಿಗೇ ಮುಗಿಯಿತು. ಇನ್‌ಸ್ಟಾಗ್ರಾಂ, ಯೂಟ್ಯೂಬುಗಳಲ್ಲಿ ಪ್ರಚಾರ ಮಾಡಿ, ಆದರೆ ಗಿರಾಕಿಯ ಹೆಸರು, ಊರು, ನಂಬರು ಅವರ ಒಪ್ಪಿಗೆ ಪಡೆದು ನಿಮ್ಮದೇ ಪುಸ್ತಕದಲ್ಲಿ ಇರಲಿ.

ಕೇಂದ್ರ ಜವಳಿ ಸಚಿವಾಲಯ 2023ರಲ್ಲಿ ತೆರೆದ ‘ಇಂಡಿಯಾ ಹ್ಯಾಂಡ್‌ಮೇಡ್’ ಜಾಲತಾಣದಲ್ಲಿ ನೇಕಾರರು ನೇರವಾಗಿ ಮಾರಬಹುದು, ವಿಚಾರಿಸಿ. ಖಾಸಗಿ ಜಾಲತಾಣಗಳಿಗೆ ಸೇರುವ ಮುನ್ನ ಜಿಎಸ್‌ಟಿ ತಿಳಿದುಕೊಳ್ಳಿ. 2023ರ ಅಕ್ಟೋಬರ್ 1ರಿಂದ, ವಹಿವಾಟು ನೋಂದಣಿ ಮಿತಿಯೊಳಗೆ ಇದ್ದು ರಾಜ್ಯದ ಒಳಗೇ ಮಾರುವ ಸಣ್ಣವರಿಗೆ ಇ-ಕಾಮರ್ಸ್ ಮೂಲಕ ಸರಕು ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಹೊರರಾಜ್ಯಕ್ಕೆ ಕಳಿಸುವುದಾದರೆ ನಿಯಮ ಬೇರೆ, ತೆರಿಗೆ ಸಲಹೆಗಾರರನ್ನು ಕೇಳಿಯೇ ಹೆಜ್ಜೆ ಇಡಿ.

11. ಪಂಚಾಂಗ ಪಕ್ಕದಲ್ಲಿರಲಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಸೀರೆಯ ಪೋಸ್ಟ್ ಹಾಕಿದರೆ ತಡವಾಯಿತು. ಸೀರೆ ನೇಯಲು ವಾರದಿಂದ ಮೂರು ವಾರ, ಪಾರ್ಸೆಲ್ಲಿಗೆ ಒಂದು ವಾರ, ರವಿಕೆ ಹೊಲಿಸಲು ಇನ್ನೊಂದು ವಾರ. ಶ್ರಾವಣದ ಮಾಲನ್ನು ಜ್ಯೇಷ್ಠದಲ್ಲೇ ತೋರಿಸಲು ಶುರುಮಾಡಿ. ಆಷಾಢದಲ್ಲಿ ಮದುವೆಗಳಿಲ್ಲ, ಆ ತಿಂಗಳನ್ನು ಫೋಟೊ, ವಿಡಿಯೊ ತೆಗೆದಿಡಲು ಬಳಸಿ. ಕಂಬಳಿಗೆ ಮಳೆಗಾಲದ ಆರಂಭ, ಆಮೇಲೆ ಕಾರ್ತಿಕದ ಚಳಿ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಿದ್ದಾರೆ. ಅಂದು ಪತ್ರಿಕೆಗಳು ನೇಕಾರರ ಸುದ್ದಿ ಹುಡುಕುತ್ತವೆ, ಎರಡು ವಾರ ಮೊದಲೇ ನಿಮ್ಮ ಊರಿನ ವರದಿಗಾರರಿಗೆ ಮಾಹಿತಿ, ಒಳ್ಳೆಯ ಫೋಟೊ ಕೊಡಿ.

12. ಈಗಾಗಲೇ ಬೇಕಾಗಿರುವವರನ್ನು ಹುಡುಕಿ

ಎಲ್ಲರಿಗೂ ಮಾರುತ್ತೇನೆ ಎಂದು ಹೊರಟವರಿಗೆ ಜಾಹೀರಾತಿನ ಖರ್ಚು ಮಾತ್ರ ಉಳಿಯುತ್ತದೆ. ಕಂಬಳಿ ಯಾರಿಗೆ ಬೇಕು? ಹಲವು ಸಮುದಾಯಗಳಲ್ಲಿ ಮದುವೆಯ ಹಸೆಗೆ, ಗದ್ದುಗೆಗೆ, ದೇವರ ಕಾರ್ಯಕ್ಕೆ ಕರಿ ಕಂಬಳಿಯೇ ಆಗಬೇಕು. ಬೆಂಗಳೂರಿಗೆ ಹೋಗಿ ನೆಲೆಸಿದ ಮನೆಗಳಿಗೆ ಅಲ್ಲಿ ಕೈಮಗ್ಗದ ಅಸಲಿ ಕಂಬಳಿ ಸುಲಭವಾಗಿ ಸಿಗುವುದಿಲ್ಲ. ಮದುವೆ ಪುರೋಹಿತರು, ಸಮುದಾಯದ ವಾಟ್ಸ್‌ಆ್ಯಪ್ ಗುಂಪುಗಳು, ಕಲ್ಯಾಣ ಮಂಟಪದವರು ನಿಮ್ಮ ನಂಬರು ಇಟ್ಟುಕೊಂಡರೆ ಇನ್‌ಸ್ಟಾಗ್ರಾಂ ಜಾಹೀರಾತಿಗಿಂತ ಹೆಚ್ಚು ಕೆಲಸವಾಗುತ್ತದೆ. ಧ್ಯಾನ, ಯೋಗ ಮಾಡುವವರಿಗೆ ಆಸನ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇದೆ. ತರಬೇತಿಗೆಂದು ಹೊರಗಿನಿಂದ ಬರುವವರಿಗೆ ನೆನಪಿನ ಕಾಣಿಕೆ ಬೇಕಾಗುತ್ತದೆ. ಹೋಗಿ ಕೇಳಿ. ತೀರ ಹತ್ತಿರದ ಗಿರಾಕಿಯನ್ನು ಆನ್‌ಲೈನ್ ವ್ಯಾಪಾರಿ ಮರೆಯುವುದೇ ಹೆಚ್ಚು.

ವಿದೇಶದ ಕನ್ನಡ ಕೂಟಗಳಿಗೆ ರಾಜ್ಯೋತ್ಸವದ ಹೊತ್ತಿನಲ್ಲಿ ಜಿಐ ಸೀರೆ ಎಂದರೆ ಅಭಿಮಾನ. ಅಮೆರಿಕಕ್ಕೆ ಕಳಿಸುವವರು ಒಂದು ಬದಲಾವಣೆ ಗಮನಿಸಬೇಕು: 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಸುಂಕ ಯಾರು ಕಟ್ಟಬೇಕು ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ಮಾತಾಡಿಕೊಳ್ಳಿ.

13. ಪಾರ್ಸೆಲ್ ಅಳತೆ ಹಿಡಿದು ಕಟ್ಟಿ

ಕೊರಿಯರಿನವರು ತೂಕವನ್ನು ಮಾತ್ರ ನೋಡುವುದಿಲ್ಲ, ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. ಎರಡು ಕೆಜಿಯ ಕಂಬಳಿಯನ್ನು 40, 30, 20 ಸೆಂಟಿಮೀಟರಿನ ಪೆಟ್ಟಿಗೆಗೆ ಸಡಿಲವಾಗಿ ತುಂಬಿದರೆ ಲೆಕ್ಕಕ್ಕೆ ಬರುವುದು 4.8 ಕೆಜಿ. ಒತ್ತಿ ಮಡಚಿ, ಹುರಿಯಿಂದ ಬಿಗಿದು ಎತ್ತರವನ್ನು 10ಕ್ಕೆ ಇಳಿಸಿದರೆ 2.4. ಕಂಬಳಿ ಮಾರುವವರು ಇದನ್ನು ಕಲಿಯದೆ ಬಹಳ ಹಣ ಕಳೆಯುತ್ತಾರೆ. ಅಂಚೆ ಕಚೇರಿಯ ದರವನ್ನೂ ಜೊತೆಗೆ ಹೋಲಿಸಿ ನೋಡಿ.

ಸೀರೆಯನ್ನು ಜರಿ ಒಳಗೆ ಬರುವಂತೆ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಪ್ಲಾಸ್ಟಿಕ್ ಹೊರಗಿನ ಮಳೆಗೆ ಮಾತ್ರ. ಕಂಬಳಿಯ ಮಡಿಕೆಯಲ್ಲಿ ಒಣಗಿದ ಬೇವಿನ ಎಲೆ ಇಡಿ, ಹುಳ ಬೀಳದಂತೆ ಕಾಪಾಡುವ ಬಗೆಯನ್ನು ಚೀಟಿಯಲ್ಲಿ ಬರೆಯಿರಿ. ಕಟ್ಟುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ, ತಕರಾರು ಬಂದಾಗ ಬೇಕಾಗುತ್ತದೆ.

14. ದುಡ್ಡು ಬಂದದ್ದನ್ನು ಬ್ಯಾಂಕಿನಲ್ಲಿ ನೋಡಿ

ಸ್ಕ್ರೀನ್‌ಶಾಟ್ ನಂಬಬೇಡಿ. ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದವರ ಫೋನ್ ಕೂಡಲೇ ಇಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಮನೆಯ ಹಿರಿಯರಿಗೂ ಇದನ್ನು ಕಲಿಸಿ.

ವಿಮರ್ಶೆಗಳ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಸ್ನೇಹಿತರಿಂದ ಐದು ನಕ್ಷತ್ರ ಹಾಕಿಸಬೇಡಿ. ಮಾರುವವರೇ ಗಿರಾಕಿಯ ವೇಷ ಹಾಕಿ ವಿಮರ್ಶೆ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ನಿಷೇಧಿಸಿವೆ. ಸೀರೆ ಮುಟ್ಟಿದ ನಾಲ್ಕು ದಿನದ ಮೇಲೆ ‘ಉಟ್ಟಿದ್ದೀರಾ, ಹೇಗಿದೆ?’ ಎಂದು ಕೇಳಿ. ಮದುವೆಯಲ್ಲಿ ಉಟ್ಟ ಫೋಟೊ ತಾನಾಗಿ ಬರುತ್ತದೆ.

15. ಐದು ಮಗ್ಗ ಸೇರಿ ಒಂದು ಅಂಗಡಿ

ವಿಡಿಯೊ ಒಂದು ಓಡಿತು, ಮೂವತ್ತು ಜನ ಅದೇ ಸೀರೆ ಕೇಳಿದರು ಎನ್ನಿ. ಒಂದೇ ಮಗ್ಗದಿಂದ ಅದು ವರ್ಷದ ಕೆಲಸ. ಆಗ ಕೆಲವರು ಪವರ್‌ಲೂಮಿನ ಸೀರೆ ತರಿಸಿ ಅದೇ ಹೆಸರಲ್ಲಿ ಕಳಿಸುವ ಆಸೆಗೆ ಬೀಳುತ್ತಾರೆ. ಒಂದು ಊರಿನ ಹೆಸರು ಕೆಡುವುದು ಹೀಗೆ. ಕೊಂಡ್ಲಹಳ್ಳಿಯದೋ, ಮೊಳಕಾಲ್ಮುರಿನದೋ ಪಕ್ಕದ ಮನೆಯ ಮಗ್ಗಗಳನ್ನು ಸೇರಿಸಿಕೊಳ್ಳಿ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ನೆನಪಿಸಿಕೊಳ್ಳಿ: ನೇಯ್ಗೆ, ಬಣ್ಣ, ಹೊಲಿಗೆ ಎಲ್ಲ ಹಳ್ಳಿಯ ಹೆಂಗಸರ ಕೈಯಲ್ಲಿ, ಮಾರಾಟ ‘ದೇಸಿ’ ಎಂಬ ಒಂದೇ ಹೆಸರಿನಲ್ಲಿ. ನಿಮಗೆ ಸಂಘವೇ ಆಗಬೇಕಿಲ್ಲ. ಯಾರ ಸೀರೆಗೆ ಎಷ್ಟು ಕೂಲಿ, ವಾಪಸ್ ಬಂದರೆ ನಷ್ಟ ಯಾರದು, ವಿನ್ಯಾಸ ಯಾರದು ಎಂಬ ಮೂರು ಮಾತನ್ನು ಮೊದಲೇ ಬರೆದು ಸಹಿ ಹಾಕಿಕೊಂಡರೆ ಸಾಕು. ಅಲ್ಲಿಯವರೆಗೆ ಮೂವತ್ತು ಜನಕ್ಕೂ ಪ್ರಾಮಾಣಿಕವಾಗಿ ಹೇಳಿ: ಸರದಿಯಲ್ಲಿ ನೇಯ್ದು ಕೊಡುತ್ತೇವೆ, ನಿಮ್ಮದು ಇಂಥ ತಿಂಗಳು. ಅರ್ಧದಷ್ಟು ಜನ ಕಾಯುತ್ತಾರೆ ಎಂದಿಟ್ಟುಕೊಂಡರೂ ಮಗ್ಗಕ್ಕೆ ತಿಂಗಳುಗಟ್ಟಲೆ ಕೆಲಸ ಸಿಕ್ಕಿತು.

16. ಪ್ರತಿ ಆರ್ಡರ್ ಎಲ್ಲಿಂದ ಬಂತು, ಬರೆದಿಡಿ

‘ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?’ ಪ್ರತಿ ಗಿರಾಕಿಗೂ ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಆರ್ಡರಿನ ಎದುರು ಬರೆಯಿರಿ: ಇನ್‌ಸ್ಟಾಗ್ರಾಂ, ಪರಿಚಯದವರು, ಗೂಗಲ್, ನಾಯಕನಹಟ್ಟಿ ಜಾತ್ರೆಯಲ್ಲಿ ಕೊಟ್ಟ ಚೀಟಿ. ಜಾಹೀರಾತಿಗೆ ಹಣ ಹಾಕುವುದಾದರೆ ದಿನಕ್ಕೆ ನೂರು ರೂಪಾಯಿಯಿಂದ ಶುರುಮಾಡಿ, ಒಂದೇ ಸೀರೆಯ ಎರಡು ಬೇರೆ ಫೋಟೊ ಹಾಕಿ, ಯಾವುದಕ್ಕೆ ಹೆಚ್ಚು ಜನ ಬೆಲೆ ಕೇಳಿದರು ನೋಡಿ. ಲೈಕು ಎಷ್ಟು ಎಂಬುದನ್ನು ಬರೆಯುವುದೇ ಬೇಡ. ಮೂರು ತಿಂಗಳಿಗೊಮ್ಮೆ ಪುಸ್ತಕ ತೆರೆದು ಕೂತರೆ ಯಾವ ದಾರಿಯಿಂದ ಆರ್ಡರ್ ಬಂದಿದೆ, ಯಾವುದರಿಂದ ಬರಿ ವಿಚಾರಣೆ ಬಂದಿದೆ ಎಂದು ಕಾಣುತ್ತದೆ. ಎರಡನೆಯದಕ್ಕೆ ಹಾಕುತ್ತಿದ್ದ ಹಣವನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಹಾಸಿನ ರೇಷ್ಮೆಗೆ ಹಾಕಿ.